ಚಿತ್ರದ ಕೆಳಗಿನ ಹೆಸರು

ಕಾಲೇಜಿನಲ್ಲಿದ್ದಾಗ ಸಸ್ಯಶಾಸ್ತ್ರದ ರೆಕಾರ್ಡು ಪುಸ್ತಕಕ್ಕೆ ನನಗೆ ಬಂದ ಅಂಕಗಳು ನನ್ನವಲ್ಲ. ಇಷ್ಟು ವರ್ಷಗಳ ಮೇಲೆ ಇದನ್ನು ಒಪ್ಪಿಕೊಂಡರೆ ಯಾರಿಗೂ ನಷ್ಟವಿಲ್ಲವೆಂದು ಧೈರ್ಯಮಾಡಿ ಹೇಳುತ್ತಿದ್ದೇನೆ. ನನಗೆ ಒಂದು ಗೆರೆಯನ್ನು ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ನಾನು ಬರೆದ ದಾಸವಾಳದ ಹೂವು ಗಾಳಿಗೆ ಮಗುಚಿದ ಕೊಡೆಯಂತೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಕೈಚಳಕ ಇದ್ದದ್ದು ಅಕ್ಕನಿಗೆ. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ್ದ ಆಕೆ ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ, ಕೈ ಒರೆಸಿಕೊಂಡು ಬಂದು, ಹಿತ್ತಲಿನ ಹೂವನ್ನು ತಟ್ಟೆಯಲ್ಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ನೋಡಿ ನೋಡಿ ಬರೆಯುತ್ತಿದ್ದಳು. “ಪುಸ್ತಕದಲ್ಲಿರುವುದನ್ನು ನೋಡಿ ಬರೆದುಬಿಡು, ಬೇಗ ಆಗುತ್ತೆ” ಎಂದರೆ, “ಅದು ಯಾವುದೋ ಊರಿನ ದಾಸವಾಳ. ಇದು ನಮ್ಮ ಹಿತ್ತಲದು ಕಣೋ” ಎನ್ನುತ್ತಿದ್ದಳು. ಚಿತ್ರದ ಕೆಳಗೆ ಬಲಮೂಲೆಯಲ್ಲಿ ನನ್ನ ಹೆಸರು, ನನ್ನ ಕ್ರಮಸಂಖ್ಯೆ. ಆ ಪುಟದಲ್ಲಿ ನಾನು ಬರೆದದ್ದು ಅಷ್ಟೆ.

ಈ ಹಳೆಯ ಅಪರಾಧ ನೆನಪಿಗೆ ಬರಲು ಕಾರಣವಿದೆ. ನಮ್ಮ ದೇಶದ ಗಿಡಮರ, ಪ್ರಾಣಿಪಕ್ಷಿಗಳನ್ನು ಇನ್ನೂರು ಮುನ್ನೂರು ವರ್ಷಗಳ ಹಿಂದೆ ಶಾಸ್ತ್ರಕ್ಕಾಗಿ ಬರೆದ ಚಿತ್ರಗಳನ್ನು ನೋಡುವ ಗೀಳು ಈಚೆಗೆ ನನಗೆ ಹತ್ತಿದೆ. ಒಂದು ಕಾಲದಲ್ಲಿ ಇವನ್ನು ನೋಡಬೇಕಾದರೆ ಕೊಲ್ಕತ್ತೆಗೋ ಲಂಡನ್ನಿಗೋ ಎಡಿನ್‌ಬರೋಗೋ ಹೋಗಬೇಕಾಗಿತ್ತು. ಈಗ ಎಷ್ಟೋ ಚಿತ್ರಗಳು ಮನೆಯ ಕಂಪ್ಯೂಟರಿನಲ್ಲೇ ತೆರೆದುಕೊಳ್ಳುತ್ತವೆ. ಬರೆಸಿದವರಿಗೆ ಬೇಕಾಗಿದ್ದುದು ಸೌಂದರ್ಯವಲ್ಲ. ಎಲೆಗೆ ಎಷ್ಟು ನರ, ಹೂವಿಗೆ ಎಷ್ಟು ಕೇಸರ, ಬೀಜ ಹೇಗೆ ಕೂತಿದೆ ಎಂಬ ವಿವರ ಅವರಿಗೆ ಬೇಕಾಗಿತ್ತು. ಹಾಗಿದ್ದೂ ಈ ಚಿತ್ರಗಳ ಮುಂದೆ ಕೂತರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಕೇಳದಿದ್ದ ಈ ಚೆಲುವು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂಬುದೇ ನನ್ನ ಪ್ರಶ್ನೆ.

ಮೊದಲು ಚಿತ್ರ ಏಕೆ ಬೇಕಾಯಿತೆಂಬುದನ್ನು ನೋಡೋಣ. ಗಿಡವನ್ನು ಕಿತ್ತು, ಕಾಗದದ ನಡುವೆ ಒತ್ತಿ ಒಣಗಿಸಿಟ್ಟರೆ ಅದರ ಆಕಾರವೇನೋ ಉಳಿಯುತ್ತದೆ. ಬಣ್ಣ ಹೋಗುತ್ತದೆ, ತುಂಬುತನ ಹೋಗುತ್ತದೆ. ಸೀತಾಳೆಯಂಥ ಹೂವನ್ನು ಒಣಗಿಸಿದರೆ ಉಳಿಯುವುದು ಚಹದ ಸೊಪ್ಪಿನಂಥ ಕಂದು ಚೂರು. ನಮ್ಮ ಮಳೆಗಾಲದಲ್ಲಿ ಆ ಚೂರಿಗೂ ಬೂಸಲು ಹಿಡಿಯುತ್ತದೆ, ಹುಳು ಬೀಳುತ್ತದೆ. ಇನ್ನು ಮಾತಿನಲ್ಲಿ ವರ್ಣಿಸೋಣವೆಂದರೆ, ಕೆಂಪು ಎಂದು ಬರೆದದ್ದನ್ನು ಆರು ಸಾವಿರ ಮೈಲಿ ದೂರದಲ್ಲಿ ಓದುವವನು ಯಾವ ಕೆಂಪೆಂದು ತಿಳಿಯಬೇಕು? ಹೀಗಾಗಿ ಕ್ಯಾಮರಾ ಇಲ್ಲದ ಕಾಲದಲ್ಲಿ ಚಿತ್ರಕಾರ ಶಾಸ್ತ್ರಜ್ಞನಿಗೆ ಅಲಂಕಾರವಾಗಿರಲಿಲ್ಲ, ಕಣ್ಣೇ ಆಗಿದ್ದ.

ನಮ್ಮ ಕರಾವಳಿಯ ಪಕ್ಕದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬಾತ ಮಲಬಾರಿನ ಔಷಧಿ ಸಸ್ಯಗಳನ್ನು ತಿಳಿಯಬೇಕೆಂದು ಹೊರಟು, ‘ಹಾರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅದು ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಚಿತ್ರಗಳು. ಎಲ್ಲವೂ ತಾಮ್ರದ ಫಲಕದಲ್ಲಿ ಕೊರೆದವು. ಮೊದಲನೆಯ ಚಿತ್ರವೇ ತೆಂಗಿನ ಮರ. ಗಿಡದ ಹೆಸರು ರೋಮನ್, ಮಲಯಾಳ, ಅರಬ್ಬಿ ಅಕ್ಷರಗಳಲ್ಲಿ, ಹಲವು ಕಡೆ ನಾಗರಿಯಲ್ಲೂ ಇದೆ. ಗಿಡಗಳ ಗುಣಗಳನ್ನು ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಅವರೊಡನೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. ಇವರು 1675ರಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳನ್ನು ವಾನ್ ರೀಡ್ ಮೊದಲ ಸಂಪುಟದಲ್ಲೇ ಹಾಗೆಹಾಗೆಯೇ ಅಚ್ಚು ಹಾಕಿಸಿದ. ಮಲಯಾಳ ಲಿಪಿ ಅಚ್ಚು ಕಂಡದ್ದು ಆ ಗ್ರಂಥದಲ್ಲೇ ಮೊದಲು.

ಮುಂದೆ 1753ರಲ್ಲಿ ಲಿನ್ನೇಯಸ್ ಜಗತ್ತಿನ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರಿಟ್ಟನಷ್ಟೆ. ಭಾರತಕ್ಕೆ ಕಾಲಿಡದ ಆತನ ಬಳಿ ನಮ್ಮ ಎಷ್ಟೋ ಗಿಡಗಳ ಒಣಗಿದ ಕಡ್ಡಿಯೂ ಇರಲಿಲ್ಲ. ಈ ಪುಸ್ತಕದ ಚಿತ್ರಗಳಿದ್ದವು. ಚಿತ್ರ ನೋಡಿ ಹೆಸರಿಟ್ಟ. ಇಂದಿಗೂ ಅಂಥ ಹೆಸರುಗಳಿಗೆ ಕೊನೆಯ ಸಾಕ್ಷಿ ಆ ಚಿತ್ರಗಳೇ. ಅವುಗಳ ಗೆರೆ ತಪ್ಪಿದ್ದರೆ ಹೆಸರೂ ತಪ್ಪುತ್ತಿತ್ತು. ಸುಂದರವಾಗಿದೆಯೆಂದು ನಾವು ಮೆಚ್ಚುವ ರೇಖೆಯ ಮೇಲೆ ಎಷ್ಟು ಭಾರವಿತ್ತೆಂಬುದು ಇದರಿಂದ ತಿಳಿಯುತ್ತದೆ.

ನೋಡಿ ಬರೆಯುವ ಈ ವಿದ್ಯೆಯನ್ನು ನಮ್ಮವರಿಗೆ ಐರೋಪ್ಯರೇ ಕಲಿಸಿದರೆಂದು ಭಾವಿಸಬೇಕಾಗಿಲ್ಲ. ಜಹಾಂಗೀರ್ ಬಾದಶಹನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಎಂಬ ಚಿತ್ರಕಾರನಿದ್ದ. 1620ರಲ್ಲಿ ಬಾದಶಹ ಕಾಶ್ಮೀರಕ್ಕೆ ಹೋದಾಗ ಜೊತೆಗಿದ್ದ ಮನ್ಸೂರ್ ನೂರಕ್ಕೂ ಹೆಚ್ಚು ಬಗೆಯ ಹೂಗಳನ್ನು ಬರೆದನೆಂದು ಜಹಾಂಗೀರನೇ ತನ್ನ ದಿನಚರಿಯಲ್ಲಿ ಹೇಳಿಕೊಂಡಿದ್ದಾನೆ. ಮನ್ಸೂರನದೆಂದು ಹೇಳುವ ಒಂದು ಚಿತ್ರ ರಷ್ಯದ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬಾತು, ಕೌಜುಗಗಳ ನಡುವೆ ಒಂದು ಡೋಡೋ ನಿಂತಿದೆ. ಮಾರಿಷಸ್ ದ್ವೀಪದ ಆ ಬಡಪಕ್ಷಿ ಅದೇ ಶತಮಾನದಲ್ಲಿ ನಿರ್ನಾಮವಾಯಿತು. ಅದರ ಬಣ್ಣ ಹೇಗಿತ್ತೆಂದು ತಿಳಿಯಬೇಕಾದರೆ ಪ್ರಾಣಿಶಾಸ್ತ್ರಜ್ಞರು ಇಂದೂ ಆ ಚಿತ್ರವನ್ನು ನೋಡುತ್ತಾರೆ. ಆತನ ಇನ್ನೊಂದು ಪ್ರಸಿದ್ಧ ಚಿತ್ರ ಸೈಬೀರಿಯದ ಬಿಳಿ ಕೊಕ್ಕರೆಯದು. ಆ ಹಕ್ಕಿಯೂ 2002ರ ಮೇಲೆ ಭರತಪುರದ ಕೆರೆಗೆ ಬರುವುದನ್ನು ಬಿಟ್ಟಿತು. ನಮ್ಮ ನೆಲದಲ್ಲಿ ಅದು ಈಗ ಚಿತ್ರದಲ್ಲಿ ಮಾತ್ರ ಇದೆ.

ಮೊಗಲರ ಆಶ್ರಯ ತಪ್ಪಿದ ಮೇಲೆ ಆ ಪರಂಪರೆಯ ಚಿತ್ರಕಾರರು ಕೆಲಸ ಹುಡುಕಿಕೊಂಡು ಕಂಪನಿಯ ದೊರೆಗಳ ಬಾಗಿಲಿಗೆ ಬಂದರು. ಮಹಾರಾಜ ನಂದಕುಮಾರನಿಗೆ ಗಲ್ಲು ವಿಧಿಸಿದ ನ್ಯಾಯಾಧೀಶ ಎಲಿಜಾ ಇಂಪೆಯ ಹೆಸರನ್ನು ಚರಿತ್ರೆ ಓದಿದವರು ಕೇಳಿರುತ್ತೀರಿ. ಗಂಡನ ಕೀರ್ತಿ ಅಂಥದು. ಹೆಂಡತಿ ಮೇರಿ ಇಂಪೆಯದು ಬೇರೆ. ಆಕೆ ಕಲ್ಕತ್ತೆಯ ತನ್ನ ತೋಟದಲ್ಲಿ ಹಕ್ಕಿ ಮೃಗಗಳನ್ನು ಸಾಕಿಕೊಂಡು, 1777ರಿಂದ ಐದಾರು ವರ್ಷ ಅವುಗಳ ಚಿತ್ರ ಬರೆಸಿದಳು. ಬರೆದವರು ಪಾಟ್ನಾದಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್. ಮುನ್ನೂರಕ್ಕೂ ಮೇಲ್ಪಟ್ಟು ಚಿತ್ರಗಳಾದವು. ಜೈನುದ್ದೀನನ ಹಕ್ಕಿ ದೊಡ್ಡ ಬಿಳಿಯ ಕಾಗದದ ನಡುವೆ ಒಂದು ಕೊಂಬೆಯ ಮೇಲೆ ಕೂತಿರುತ್ತದೆ. ಹಿಂದೆ ಆಕಾಶವಿಲ್ಲ, ಬೆಟ್ಟವಿಲ್ಲ. ಒಂದೊಂದು ಗರಿಯನ್ನೂ ಬಿಡಿಸಿ ಎಣಿಸಬಹುದು. ಭವಾನಿ ದಾಸನದೋ ಆತನ ಶಿಷ್ಯರದೋ ಎನ್ನುವ ಒಂದು ಬಾವಲಿಯ ಚಿತ್ರವಿದೆ. ನಾವು ಅಪಶಕುನವೆಂದು ಮುಖ ತಿರುಗಿಸುವ ಪ್ರಾಣಿ. ಅಲ್ಲಿ ಅದು ಕಪ್ಪು ರೆಕ್ಕೆ ಹರಡಿಕೊಂಡು, ಎದೆಯ ಮೇಲಿನ ಕೆಂಗಂದು ರೋಮ ನಿಮಿರಿಸಿ, ದರ್ಬಾರಿಗೆ ಬಂದ ನವಾಬನಂತೆ ನಿಂತಿದೆ.

ಮೇರಿ ಇಂಪೆ ಮಾಡಿದ ಇನ್ನೊಂದು ಒಳ್ಳೆಯ ಕೆಲಸವೆಂದರೆ, ಚಿತ್ರದ ಮೇಲೆ ಬರೆದವರ ಹೆಸರು ಉಳಿಯಿತು. ಅದರಿಂದಲೇ 2019ರ ಕೊನೆಯಲ್ಲಿ ಲಂಡನ್ನಿನ ವ್ಯಾಲೇಸ್ ಸಂಗ್ರಹಾಲಯದಲ್ಲಿ ಕಂಪನಿಗಾಗಿ ದುಡಿದ ಭಾರತೀಯ ಚಿತ್ರಕಾರರ ಪ್ರದರ್ಶನ ನಡೆದಾಗ ಈ ಮೂವರನ್ನು ಹೆಸರು ಹಿಡಿದು ಕೂಗಲು ಸಾಧ್ಯವಾಯಿತು. ಎಲ್ಲರಿಗೂ ಈ ಭಾಗ್ಯ ಇರಲಿಲ್ಲ. ಆಂಧ್ರದ ಕರಾವಳಿಯ ಸಾಮರ್ಲಕೋಟೆಯಲ್ಲಿಯೂ, 1793ರಿಂದ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿಯೂ ಇದ್ದ ವಿಲಿಯಂ ರಾಕ್ಸ್‌ಬರೋ ಎಂಬ ವೈದ್ಯ ಬರೆಸಿದ ಸಸ್ಯಚಿತ್ರಗಳು ಎರಡೂವರೆ ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಮುನ್ನೂರನ್ನು ಆರಿಸಿ 1795ರಿಂದ 1820ರವರೆಗೆ ಮೂರು ಭಾರಿ ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚು ಮಾಡಿದರು. ಎಲೆಯ ಮೇಲ್ಭಾಗ ಕೆಳಭಾಗ ಎರಡೂ ಕಾಣಲೆಂದು ಒಂದೆಲೆಯನ್ನು ಮೆಲ್ಲಗೆ ಮಡಿಸಿ ತೋರಿಸುವ ಸೂಕ್ಷ್ಮ ಆ ಚಿತ್ರಗಳಲ್ಲಿದೆ. ಸಂಪುಟದ ಮೇಲೆ ರಾಕ್ಸ್‌ಬರೋನ ಹೆಸರಿದೆ. ಎಲೆಯನ್ನು ಮಡಿಸಿದವನ ಹೆಸರಿಲ್ಲ.

ಇಂಥ ಚಿತ್ರ ಬರೆಯುವುದು ಸುಲಭವಾಗಿರಲಿಲ್ಲ. ಕಾಡಿನಿಂದ ತಂದ ಗಿಡ ಬಾಡುವ ಮುನ್ನ ಬಣ್ಣ ಹಿಡಿಯಬೇಕು. ಮೊದಲು ಪೆನ್ಸಿಲಿನ ಹಗುರ ಗೆರೆ. ಅನಂತರ ನೀರುಬಣ್ಣ, ಒಂದರ ಮೇಲೊಂದು ತೆಳುವಾದ ಲೇಪ. ಪುಟದ ನಡುವೆ ಹೂಬಿಟ್ಟ ಕೊಂಬೆ. ಕೆಳಗೆ ಸಾಲಾಗಿ ಬಿಡಿಸಿಟ್ಟ ಅಂಗಗಳು—ಒಂದು ದಳ, ಒಂದು ಕೇಸರ, ಅಡ್ಡಕ್ಕೆ ಕೊಯ್ದ ಅಂಡಾಶಯ, ಉದ್ದಕ್ಕೆ ಸೀಳಿದ ಬೀಜ—ಭೂತಕನ್ನಡಿಯಲ್ಲಿ ಕಂಡಷ್ಟು ದೊಡ್ಡದಾಗಿ. ಹೂವು ಚೈತ್ರದಲ್ಲಿ, ಕಾಯಿ ಆಷಾಢದಲ್ಲಿ ಬಿಡುವ ಗಿಡವಾದರೆ ಚಿತ್ರಕಾರ ಅರ್ಧ ಬರೆದ ಹಾಳೆಯನ್ನು ಎತ್ತಿಟ್ಟು ಕಾಯಬೇಕು. ಕಾಯಿ ಬಂದ ಮೇಲೆ ಅದೇ ಹಾಳೆಯಲ್ಲಿ ಸೇರಿಸಬೇಕು. ಹೀಗೆ ಒಂದು ಪುಟದಲ್ಲಿ ಗಿಡದ ಒಂದು ವರ್ಷವೇ ಇರುತ್ತದೆ. ಯಾವ ತೋಟದಲ್ಲಿಯೂ ಒಂದೇ ದಿನ ಹಾಗೆ ಕಾಣದ ಗಿಡ ಅದು; ಆದರೂ ಅದರಲ್ಲಿ ಸುಳ್ಳು ಒಂದೂ ಇಲ್ಲ. ಇಂದಿಗೂ ಹೊಸ ಗಿಡವೊಂದನ್ನು ಕಂಡುಹಿಡಿದವರು ಛಾಯಾಚಿತ್ರದ ಜೊತೆಗೆ ರೇಖಾಚಿತ್ರವನ್ನೂ ಬರೆಸುವುದುಂಟು. ಕ್ಯಾಮರಾ ಎದುರಿಗಿದ್ದದ್ದನ್ನೆಲ್ಲ ಹಿಡಿಯುತ್ತದೆ. ಯಾವುದು ಮುಖ್ಯ, ಯಾವುದು ಅಲ್ಲ ಎಂಬ ವಿವೇಕ ಅದಕ್ಕಿಲ್ಲ.

ಈ ಚಿತ್ರಗಳ ಚೆಲುವಿನ ಗುಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕವಿ ತಾವರೆಯನ್ನು ಕಂಡು ಮುಖವನ್ನು ನೆನೆಯುತ್ತಾನೆ. ಈ ಚಿತ್ರಕಾರ ತಾವರೆಯನ್ನು ಕಂಡು ತಾವರೆಯನ್ನೇ ನೆನೆಯಬೇಕು. ಬೇರೆ ಏನನ್ನೂ ಬೆರೆಸಕೂಡದು. ಅಷ್ಟು ಹೊತ್ತು, ಅಷ್ಟು ತಾಳ್ಮೆಯಿಂದ, ತನ್ನದೇನನ್ನೂ ಸೇರಿಸದೆ ಒಂದು ವಸ್ತುವನ್ನು ನೋಡಿದಾಗ ಅದು ತನ್ನ ರೂಪವನ್ನು ತಾನೇ ಬಿಟ್ಟುಕೊಡುತ್ತದೆಯೋ ಏನೋ. ಬೇಲಿಯ ಮೇಲಿನ ತೊಂಡೆಬಳ್ಳಿ ಕೂಡ ಅಲ್ಲಿ ದೇವರ ಮುಂದಿಟ್ಟ ವಸ್ತುವಿನಂತೆ ಕಾಣುತ್ತದೆ.

ಚಿತ್ರಕಾರನ ಹೆಸರಿನ ವಿಷಯದಲ್ಲಿ ಉಳಿದವರಿಗಿಂತ ಉದಾರವಾಗಿ ನಡೆದುಕೊಂಡವನು ರಾಬರ್ಟ್ ವೈಟ್. ಸ್ಕಾಟ್ಲೆಂಡಿನ ಈ ವೈದ್ಯ 1819ರಲ್ಲಿ ಮದರಾಸಿಗೆ ಬಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಕ್ಷಿಣದ ಸಸ್ಯಗಳ ಹಿಂದೆ ಬಿದ್ದ. 1820ರ ದಶಕದಲ್ಲೇ ರಂಗಯ್ಯ ಎಂಬ ಚಿತ್ರಕಾರನನ್ನು ಕೆಲಸಕ್ಕಿಟ್ಟುಕೊಂಡ. ರಂಗಯ್ಯನ ತರುವಾಯ ಸುಮಾರು 1845ರಿಂದ ಗೋವಿಂದು ಬಂದ. ಇಬ್ಬರೂ ತೆಲುಗು ಮನೆಮಾತಿನವರು, ತಂಜಾವೂರಿನ ಚಿತ್ರಪರಂಪರೆಗೆ ಸೇರಿದವರು ಇರಬೇಕೆಂದು ವಿದ್ವಾಂಸರ ಊಹೆ. ವಿಲಾಯಿತಿಯಲ್ಲಿ ಅಚ್ಚು ಮಾಡಿಸುವ ಖರ್ಚು ತಾಳಲಾರದೆ ವೈಟ್ ಕಲ್ಲಚ್ಚಿನ ವಿದ್ಯೆಯನ್ನು ತಾನೇ ಕಲಿತು, ಮದರಾಸಿನಲ್ಲೇ ‘ಐಕೋನ್ಸ್’ ಎಂಬ ಆರು ಸಂಪುಟಗಳನ್ನು 1838ರಿಂದ 1853ರವರೆಗೆ ಹೊರತಂದ. ಅದರಲ್ಲಿ 2,101 ಚಿತ್ರಗಳಿವೆ. ಬಹುಪಾಲಿಗೆ ಬಣ್ಣವಿಲ್ಲ, ಬರಿಯ ಗೆರೆ. ಆದರೆ ಆ ಗೆರೆಯನ್ನು ನೋಡಬೇಕು: ಹಬ್ಬದ ಬೆಳಗ್ಗೆ ಪಳಗಿದ ಕೈ ಅಂಗಳದಲ್ಲಿ ರಂಗೋಲಿ ಎಳೆದಂತೆ, ಎಲ್ಲಿಯೂ ತಡವರಿಸದೆ, ಎಲ್ಲಿಯೂ ದಪ್ಪವಾಗದೆ, ಎಲೆಯ ಅಂಚನ್ನು ಸುತ್ತಿಬಂದು ತೊಟ್ಟಿಗೆ ಸೇರುತ್ತದೆ.

ಆ ಫಲಕಗಳ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದವರು ರಂಗಯ್ಯ, ಬರೆದವರು ಗೋವಿಂದು ಎಂದು ಅಚ್ಚಾಗಿದೆ. ವೈಟ್ ಅಷ್ಟಕ್ಕೇ ನಿಲ್ಲಲಿಲ್ಲ. ಕೊನೆಯ ಸಂಪುಟದಲ್ಲಿ ಒಂದು ಸೀತಾಳೆಯನ್ನು ಹೊಸ ಕುಲವೆಂದು ಬಗೆದು, ಅದಕ್ಕೆ ತನ್ನ ಚಿತ್ರಕಾರನ ಹೆಸರಿನಲ್ಲಿ ‘ಗೋವಿಂದೂಯ’ ಎಂದು ನಾಮಕರಣ ಮಾಡಿದ. ಗವರ್ನರುಗಳಿಗೂ ಅವರ ಪತ್ನಿಯರಿಗೂ ಹೂಗಳ ಹೆಸರು ಕಾಣಿಕೆಯಾಗಿ ಹೋಗುತ್ತಿದ್ದ ಕಾಲದಲ್ಲಿ, ಸಂಬಳದ ಒಬ್ಬ ಚಿತ್ರಕಾರನಿಗೆ ಒಂದು ಕುಲವೇ ಸಂದಿತು. ವಿಧಿಯ ಚೇಷ್ಟೆ ನೋಡಿ: ಮುಂದೆ ಬಂದ ಸಸ್ಯಶಾಸ್ತ್ರಜ್ಞರು ಅದು ಬೇರೆ ಕುಲವಲ್ಲವೆಂದು ತೀರ್ಮಾನಿಸಿ ಟ್ರೊಪಿಡಿಯ ಎಂಬ ಕುಲದೊಳಗೆ ಸೇರಿಸಿಬಿಟ್ಟರು. ಗೋವಿಂದುವಿನ ಹೆಸರು ಈಗ ಪರ್ಯಾಯನಾಮಗಳ ಪಟ್ಟಿಯಲ್ಲಿ ಉಳಿದಿದೆ. ಆದರೂ ಎಡಿನ್‌ಬರೋ ಸಸ್ಯೋದ್ಯಾನದ ವಿದ್ವಾಂಸ ಹೆನ್ರಿ ನೋಲ್ಟಿ ಅಲ್ಲಿನ ಸಂಗ್ರಹದಲ್ಲಿದ್ದ ಮೂಲಚಿತ್ರಗಳನ್ನು ಹುಡುಕಿ ತೆಗೆದು 2007ರಲ್ಲಿ ಪ್ರಕಟಿಸಿದಾಗ, ಪುಸ್ತಕದ ಶೀರ್ಷಿಕೆಯಲ್ಲೇ ರಂಗಯ್ಯ ಗೋವಿಂದು ಇಬ್ಬರ ಹೆಸರನ್ನೂ ವೈಟನ ಹೆಸರಿನ ಪಕ್ಕದಲ್ಲಿ ಕೂಡಿಸಿದರು. ಒಂದೂವರೆ ಶತಮಾನದ ಮೇಲೆ ಸಿಕ್ಕ ನ್ಯಾಯ.

ಇನ್ನು ನಮ್ಮ ಮನೆಯ ಮಾತು. ಮೈಸೂರು ಸಂಸ್ಥಾನ ಕಮಿಷನರ ಆಡಳಿತದಲ್ಲಿದ್ದ ಕಾಲದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ತರುಣ ವೈದ್ಯ ಶಿವಮೊಗ್ಗದಲ್ಲಿದ್ದ. ಮದರಾಸಿನಲ್ಲೇ 1820ರಲ್ಲಿ ಹುಟ್ಟಿದವನು. ಮುಂದೆ 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದವನು. ನಮ್ಮ ಲಾಲ್‌ಬಾಗು ಅದೇ ವರ್ಷ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಂಡುದರಲ್ಲಿಯೂ ಆತನ ಸಲಹೆಯಿತ್ತು. ಶಿವಮೊಗ್ಗದಲ್ಲಿ 1845ರಿಂದ 1847ರವರೆಗೆ ಈತ ಒಂದು ವ್ರತ ಹಿಡಿದ: ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ನೋಡುವುದು, ಅದರ ಚಿತ್ರ ಬರೆಸುವುದು. ಬರೆಯಲು ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡಿದ್ದ. ಕಾಲು ಗಂಟೆ ನೋಡುವುದು ದೊರೆಗೆ. ಚಿತ್ರಕಾರನಿಗೆ ಇಡೀ ದಿನ ಬೇಕಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಮಲೆನಾಡಿನ ಅಂಚಿನ ಆ ಊರಿನಲ್ಲಿ, ನಾವು ನೀವು ಹೆಸರು ಕೇಳದೆ ತುಳಿದುಕೊಂಡು ಹೋಗುವ ಗಿಡಗಳೆಲ್ಲ ಒಂದೊಂದಾಗಿ ಕಾಗದಕ್ಕೆ ಬಂದವು. ಆ ಚಿತ್ರಗಳು ಇಂದು ಎಡಿನ್‌ಬರೋದಲ್ಲಿವೆ. ನೋಲ್ಟಿಯವರೇ ಅವನ್ನೂ 2016ರಲ್ಲಿ ಬೆಳಕಿಗೆ ತಂದರು. ಆದರೆ ಆ ಮರಾಠಿ ಚಿತ್ರಕಾರನ ಹೆಸರು ಮಾತ್ರ ಉಳಿದಿಲ್ಲ. ಮಾತೃಭಾಷೆ ಗೊತ್ತು, ಊರು ಗೊತ್ತು, ವರ್ಷ ಗೊತ್ತು. ಮನುಷ್ಯನನ್ನು ಕರೆಯಲು ಹೆಸರಿಲ್ಲ.

ಇದಕ್ಕೆ ಒಂದು ಸಮಾಧಾನವನ್ನು ನಾವು ಸಿದ್ಧವಾಗಿಟ್ಟುಕೊಂಡಿರುತ್ತೇವೆ: ನಮ್ಮ ಕಲಾವಿದರು ಕೀರ್ತಿಯನ್ನು ಬಯಸಿದವರಲ್ಲ, ಕೆಲಸವನ್ನು ದೇವರಿಗೆ ಒಪ್ಪಿಸಿ ಮರೆಯಾಗುವವರು ಎಂದು. ಕೇಳಲು ಇಂಪಾದ ಮಾತು. ಆದರೆ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಮದನಿಕೆಯರ ಪಾದದ ಕೆಳಗೆ ಬಗ್ಗಿ ನೋಡಿ. ಬಳ್ಳಿಗಾವೆಯ ದಾಸೋಜ ಎಂದು ಕನ್ನಡದಲ್ಲಿ ಕೊರೆದಿದೆ. ಆತನ ಮಗ ಚಾವಣನ ಹೆಸರೂ ಇದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಒಂದಲ್ಲ ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರು ಬಿಟ್ಟಿದ್ದಾನೆ. ದೇವರ ಗುಡಿಯಲ್ಲೇ ಹೆಸರು ಕೊರೆಯಲು ಸಂಕೋಚಪಡದ ಕುಶಲಿಗಳು ಅವರು. ಬಳ್ಳಿಗಾವೆ ಇರುವುದು ಇಂದಿನ ಶಿವಮೊಗ್ಗ ಜಿಲ್ಲೆಯಲ್ಲಿ. ಅದೇ ಸೀಮೆಯಲ್ಲಿ ಏಳುನೂರು ವರ್ಷಗಳ ಮೇಲೆ ಕುಂಚ ಹಿಡಿದವನಿಗೆ ಹೆಸರಿಲ್ಲವೆಂದರೆ, ಅದು ಆತನ ವೈರಾಗ್ಯವಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಕೇಳಿದರೆ ಸಿಗುತ್ತದೆ ಎಂಬುದಕ್ಕೂ ಲಾಲ್‌ಬಾಗಿನಲ್ಲೇ ಸಾಕ್ಷಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಕ್ಯಾಮರನ್ ಆ ತೋಟದ ಮೇಲ್ವಿಚಾರಕನಾಗಿದ್ದ ದಿನಗಳಲ್ಲಿ, ಅಲ್ಲಿನ ಗಿಡಗಳನ್ನು, ಹಣ್ಣುಗಳನ್ನು ಬಣ್ಣದಲ್ಲಿ ಬರೆದ ಚೆಲುವಯ್ಯ ರಾಜು ಎಂಬ ಚಿತ್ರಕಾರರ ಹೆಸರನ್ನು ಬೆಂಗಳೂರಿನ ಕೆಲವು ಆಸಕ್ತರು ಈಚಿನ ವರ್ಷಗಳಲ್ಲಿ ಮತ್ತೆ ನೆನಪಿಗೆ ತಂದಿದ್ದಾರೆ. ಗಾಜಿನಮನೆಯ ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಲ್ಲುವ ನಮಗೆ, ಆ ಹೂಗಳನ್ನು ನಮಗಿಂತ ಮೊದಲು, ನಮಗಿಂತ ಚೆನ್ನಾಗಿ ನೋಡಿದವರೊಬ್ಬರಿದ್ದರು ಎಂಬುದು ತಿಳಿದಿರಬೇಡವೆ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿದ್ದ ನನ್ನ ರೆಕಾರ್ಡು ಪುಸ್ತಕವನ್ನು ಹುಡುಕಿ ತೆಗೆದೆ. ಅಂಚು ಗೆದ್ದಲು ತಿಂದಿತ್ತು, ಚಿತ್ರಗಳು ಉಳಿದಿದ್ದವು. ದಾಸವಾಳದ ಒಂದು ಎಸಳಿನ ತುದಿಯಲ್ಲಿ ಹುಳು ಕಡಿದ ಸಣ್ಣ ತೂತನ್ನೂ ಅಕ್ಕ ಬಿಡದೆ ಬರೆದಿದ್ದುದನ್ನು ನಾನು ಕಂಡದ್ದು ಅಂದೇ ಮೊದಲು. ಪುಟಪುಟದಲ್ಲಿಯೂ ನನ್ನ ಹೆಸರಿನ ಮೇಲೆ ಗೆರೆ ಎಳೆದು ಅಕ್ಕನ ಹೆಸರು ಬರೆದೆ. ಅಕ್ಕ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. “ಈಗ್ಯಾಕೋ ಇದೆಲ್ಲ? ಮಾರ್ಕು ವಾಪಸ್ ತಗೊಳ್ತಾರಾ?” ಎಂದು ನಕ್ಕಳು. ಆಮೇಲೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಒಂದೊಂದೇ ಪುಟ ತಿರುವುತ್ತ ಬಹಳ ಹೊತ್ತು ಕೂತಿದ್ದಳು.